ಇಂದಿನ ಧಮ್ಮ ಚಿಂತನೆ: ಹಂಚಿನ ಮೇಲಿನ ರೊಟ್ಟಿ, ಹಂಚಿ ತಿನ್ನುವ ರೊಟ್ಟಿ





ಕಳೆದ ಭಾನುವಾರ ನಮ್ಮ ಅಧ್ಯಯನ ಕೂಟದಲ್ಲಿ ದಾನ ಪಾರಮಿಯ ಬಗ್ಗೆ ಓದುತ್ತಿದ್ದೆವು. ಪಾಠ ಮುಗಿಯುವ ಹೊತ್ತಿಗೆ, ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡಿದ್ದ ಒಬ್ಬ ತಾಯಿ ಕೇಳಿದರು: "ದೊಡ್ಡವರಿಗೇನೋ ಸೂತ್ರ ಇದೆ. ಮೂರು ವರ್ಷದ ಮಗುವಿಗೆ ಹಂಚಿಕೊಳ್ಳೋದನ್ನ ಹೇಗೆ ಕಲಿಸೋದು? ಕೊಡು ಕೊಡು ಅಂದಷ್ಟೂ ಇವನು ಇನ್ನೂ ಗಟ್ಟಿಯಾಗಿ ಹಿಡ್ಕೊಳ್ತಾನೆ." ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಅದೇ ವಾರ ನಾನು ನಮ್ಮ ಮನೆಯಲ್ಲಿ ಇದೇ ವಿಷಯದಲ್ಲಿ ಸೋತಿದ್ದೆ. ಆ ದಿನ ಅವರಿಗೆ ಹೇಳಲಾಗದೆ ಉಳಿದ ಉತ್ತರವೇ ಇವತ್ತಿನ ಚಿಂತನೆ.

*ನಾನು ನರಿಯಾದ ದಿನ*

ರಜೆಗೆಂದು ಮಗಳ ಮಗಳು, ಮಗನ ಮಗ ಇಬ್ಬರೂ ಬಂದಿದ್ದರು. ಅವಳಿಗೆ ನಾಲ್ಕು ವರ್ಷ, ಅವನಿಗೆ ಎರಡೂವರೆ. ಚನ್ನಪಟ್ಟಣದ ಮರದ ರೈಲು ಒಂದಿತ್ತು, ಅದು ಅವಳದು. ಅವನು ಕೇಳಿದ, ಅವಳು ಕೊಡಲಿಲ್ಲ. "ಜಾಣೆ ಅಲ್ವಾ ಪುಟ್ಟಿ, ತಮ್ಮನಿಗೆ ಕೊಡು" ಅಂದೆ. ಇನ್ನೊಂದು ಸಲ ಅಂದೆ. ಮೂರನೇ ಸಲ ಕೈಯಿಂದ ಕಿತ್ತು ಅವನಿಗೆ ಕೊಟ್ಟೆ. ಅವಳು ಜೋರಾಗಿ ಅತ್ತಳು, ಅದಕ್ಕೆ ಹೆದರಿ ಅವನೂ ಅತ್ತ. ಕೊನೆಗೆ "ಇಬ್ಬರಿಗೂ ಬೇಡ" ಎಂದು ರೈಲನ್ನು ಬೀರುವಿನ ಮೇಲಿಟ್ಟೆ. ಸಂಜೆ ನೋಡಿದರೆ ಅವಳು ತನ್ನ ಆಟದ ಸಾಮಾನನ್ನೆಲ್ಲ ದಿಂಬಿನ ಕವರಿಗೆ ತುಂಬಿ ಮಂಚದ ಕೆಳಗೆ ತಳ್ಳಿದ್ದಳು. ನಾನು ಹಂಚಿಕೊಳ್ಳುವುದನ್ನು ಕಲಿಸಲು ಹೋಗಿ ಬಚ್ಚಿಡುವುದನ್ನು ಕಲಿಸಿದ್ದೆ.

ಆಗ ನೆನಪಾದದ್ದು 400ನೆಯ ಜಾತಕ, ದಬ್ಭಪುಪ್ಫ ಜಾತಕ. ಎರಡು ನೀರುನಾಯಿಗಳು ಸೇರಿ ಒಂದು ದೊಡ್ಡ ರೋಹಿತ ಮೀನನ್ನು ದಡಕ್ಕೆ ಎಳೆದು ತರುತ್ತವೆ. ಪಾಲು ಹೇಗೆ ಎಂದು ಜಗಳ ಶುರುವಾಗುತ್ತದೆ. ಅತ್ತ ಬಂದ ನರಿಯನ್ನು ನ್ಯಾಯ ಹೇಳು ಎನ್ನುತ್ತವೆ. ನರಿ ಒಂದಕ್ಕೆ ತಲೆ, ಇನ್ನೊಂದಕ್ಕೆ ಬಾಲ ಕೊಟ್ಟು, ನಡುವಿನ ದಪ್ಪ ತುಂಡನ್ನು ನ್ಯಾಯಾಧೀಶನ ಪಾಲು ಎಂದು ಹೊತ್ತುಕೊಂಡು ಹೆಂಡತಿಯ ಬಳಿ ಹೋಗುತ್ತದೆ. ಈ ಕಥೆಯಲ್ಲಿ ನಾವು ಸಾಮಾನ್ಯವಾಗಿ ನೀರುನಾಯಿಗಳನ್ನು ಮಕ್ಕಳಿಗೆ ತೋರಿಸಿ ಬುದ್ಧಿ ಹೇಳುತ್ತೇವೆ. ಆ ದಿನ ನನಗೆ ಕಂಡದ್ದು ನರಿ. ಜಗಳ ಬಿಡಿಸಲು ಹೋದ ನಾನು ರೈಲನ್ನೇ ಎತ್ತಿಟ್ಟುಕೊಂಡು ಬಂದಿದ್ದೆ.

*ಕರಗುವ ಐಸ್ ಕ್ರೀಮ್*

ಅದೇ ರಾತ್ರಿ ಮಗಳು ಮಕ್ಕಳನ್ನು ಮಲಗಿಸುತ್ತ ಒಂದು ಚಿತ್ರಪುಸ್ತಕ ಓದುತ್ತಿದ್ದಳು. ಅಮೆರಿಕದ ಮೋ ವಿಲಮ್ಸ್ ಬರೆದು ಚಿತ್ರಿಸಿದ 'ಶುಡ್ ಐ ಶೇರ್ ಮೈ ಐಸ್ ಕ್ರೀಮ್?', 2011ರಲ್ಲಿ ಬಂದದ್ದು. ಮಗಳು ಕನ್ನಡದಲ್ಲಿ ಹೇಳಿಕೊಂಡು ಹೋಗುತ್ತಿದ್ದಳು, ನಾನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ.

ಜೆರಾಲ್ಡ್ ಎಂಬ ಆನೆ ಐಸ್ ಕ್ರೀಮ್ ಕೊಳ್ಳುತ್ತಾನೆ. ಗೆಳತಿ ಪಿಗ್ಗಿ ಎಂಬ ಹಂದಿಮರಿಗೆ ಕೊಡಬೇಕಲ್ಲ ಎಂದು ನೆನಪಾಗುತ್ತದೆ. ಅಲ್ಲಿಂದ ಶುರು ಅವನ ಸಂಕಟ. ಕೊಡಲೇ, ಬೇಡವೇ? ಅವಳಿಗೆ ಈ ರುಚಿ ಇಷ್ಟವಾಗದಿದ್ದರೆ? ಅವಳು ಇಲ್ಲಿ ಇಲ್ಲವಲ್ಲ, ತಿಂದರೆ ಗೊತ್ತಾಗುವುದಿಲ್ಲವಲ್ಲ? ಪಾಪ, ಅವಳಿಗೆ ಬೇಸರವಾಗಿದ್ದರೆ? ಪುಟ ಮಗುಚಿದಂತೆ ಆನೆ ಯೋಚಿಸುತ್ತಲೇ ಇರುತ್ತಾನೆ, ಐಸ್ ಕ್ರೀಮ್ ಕರಗುತ್ತಲೇ ಇರುತ್ತದೆ. ಆನೆಗಿಂತ ಮೊದಲು ಅದನ್ನು ಮಕ್ಕಳು ಕಾಣುತ್ತಾರೆ. ಮೊಮ್ಮಗಳು ಹಾಸಿಗೆಯ ಮೇಲೆ ಎದ್ದು ನಿಂತು "ಅಯ್ಯೋ, ಕರಗ್ತಾ ಇದೆ! ಬೇಗ ಕೊಡೋ!" ಎಂದು ಆನೆಗೆ ಗದರಿದಳು. ಬೆಳಿಗ್ಗೆ ರೈಲು ಬಿಡದ ಹುಡುಗಿ ಇವಳೇ.

ಆನೆ ಕೊಡಲು ನಿರ್ಧರಿಸುವ ಹೊತ್ತಿಗೆ ಐಸ್ ಕ್ರೀಮ್ ನೆಲದ ಪಾಲು. ಅವನು ಕುಗ್ಗಿ ಕೂತಾಗ ಪಿಗ್ಗಿ ತನ್ನ ಐಸ್ ಕ್ರೀಮ್ ಹಿಡಿದು ಬರುತ್ತಾಳೆ, ಒಂದು ಕ್ಷಣವೂ ಲೆಕ್ಕ ಹಾಕದೆ ಅವನಿಗೆ ಕೊಡುತ್ತಾಳೆ. ಇಷ್ಟೇ ಕಥೆ. ಹಂಚಿಕೊಳ್ಳಬೇಕು ಎಂಬ ಬುದ್ಧಿಮಾತು ಎಲ್ಲೂ ಇಲ್ಲ. ತನ್ನೊಳಗೆ ನಡೆಯುವ ಎಳೆದಾಟವನ್ನೇ ಮಗು ಆನೆಯಲ್ಲಿ ನೋಡಿ ನಗುತ್ತದೆ. ನಗುವಾಗ ಹಿಡಿತ ಸ್ವಲ್ಪ ಸಡಿಲವಾಗುತ್ತದೆ. ಬೈದಾಗ ಬಿಗಿಯಾಗುತ್ತದೆ.

*ಮತ್ತೆ ಬಾಗಿಲ ಗಂಟೆ*

ಇನ್ನೊಂದು ಪುಸ್ತಕ ಇಂಗ್ಲೆಂಡಿನ ಪ್ಯಾಟ್ ಹಚಿನ್ಸ್ ಅವರ 'ದ ಡೋರ್‌ಬೆಲ್ ರ್ಯಾಂಗ್', 1986ರದು. ಅಮ್ಮ ಬಿಸ್ಕತ್ತು ಮಾಡಿದ್ದಾಳೆ, ಒಟ್ಟು 12. ಅಣ್ಣ ತಂಗಿಗೆ ಆರಾರು. ಅಷ್ಟರಲ್ಲಿ ಬಾಗಿಲ ಗಂಟೆ. ಪಕ್ಕದ ಮನೆಯ ಇಬ್ಬರು ಮಕ್ಕಳು. ಈಗ ಮೂರು ಮೂರು. ಮತ್ತೆ ಗಂಟೆ, ಮತ್ತಿಬ್ಬರು, ಎರಡೆರಡು. ಮತ್ತೆ ಗಂಟೆ, ಈ ಸಲ ಆರು ಜನ. ಒಬ್ಬರಿಗೆ ಒಂದೇ ಒಂದು. ತಟ್ಟೆಯ ಮುಂದೆ ಕೂತ ಹನ್ನೆರಡು ಮಕ್ಕಳ ಕಿವಿಗೆ ಇನ್ನೊಂದು ಗಂಟೆ ಬಿದ್ದಾಗ ಆಗುವ ದಿಗಿಲು ನಮಗೂ ಆಗುತ್ತದೆ. ಬಾಗಿಲು ತೆಗೆಯುವ ಮುಂಚೆ ತಿಂದುಬಿಡಿ ಎಂದು ಅಮ್ಮನೇ ಸೂಚಿಸುತ್ತಾಳೆ. ಮಕ್ಕಳು ತಿನ್ನುವುದಿಲ್ಲ, ಬಾಗಿಲು ತೆಗೆಯುತ್ತಾರೆ. ನಿಂತಿರುವುದು ಅಜ್ಜಿ, ಕೈಯಲ್ಲಿ ದೊಡ್ಡ ತಟ್ಟೆಯ ತುಂಬ ಬಿಸ್ಕತ್ತು.

ಅಜ್ಜಿ ಬರದಿದ್ದರೂ ಈ ಕಥೆ ಚೆನ್ನಾಗಿಯೇ ಇರುತ್ತಿತ್ತು. ಇದರ ಮುಖ್ಯ ಪುಟ ಅಜ್ಜಿಯದಲ್ಲ, ಒಂದೊಂದೇ ಉಳಿದಾಗಲೂ ಬಾಗಿಲು ತೆಗೆದ ಪುಟ. ಪಾಲಿಯಲ್ಲಿ ದಾನದ ಜೊತೆ ಬರುವ ಒಂದು ಮಾತು ಸಂವಿಭಾಗ: ಇರುವುದನ್ನು ಸರಿಯಾಗಿ ಪಾಲು ಮಾಡಿ ಉಣ್ಣುವುದು. ಕೊಡುವುದರ ಫಲ ನನ್ನಂತೆ ಜನಕ್ಕೂ ತಿಳಿದಿದ್ದರೆ, ಕೊನೆಯ ತುತ್ತನ್ನೂ ಅವರು ಪಾಲು ಮಾಡದೆ ತಿನ್ನುತ್ತಿರಲಿಲ್ಲ ಎಂಬ ಅರ್ಥದ ಬುದ್ಧವಚನ ಇತಿವುತ್ತಕದಲ್ಲಿದೆ. ಆ ಹನ್ನೆರಡು ಮಕ್ಕಳು ಅದನ್ನೇ ಮಾಡಿದರು.

*ಏಳನೇ ಮಹಡಿಯ ಕೋಸಿಯ*

ಇಂಥ ನಗುವಿನ ಕಥೆ ನಮ್ಮ ಪರಂಪರೆಯಲ್ಲೂ ಇದೆ. ಧಮ್ಮಪದದ 49ನೆಯ ಗಾಥೆಯ ಅಟ್ಠಕಥೆಯಲ್ಲಿ ಬರುವ ಮಚ್ಚರಿಯ ಕೋಸಿಯ ಎಂಬ ಶೆಟ್ಟಿಯ ಕಥೆ. ನಾವು ಕನ್ನಡದಲ್ಲಿ ಮತ್ಸರ ಎಂದರೆ ಹೊಟ್ಟೆಕಿಚ್ಚು ಎಂದುಕೊಳ್ಳುತ್ತೇವೆ. ಪಾಲಿಯ ಮಚ್ಚರಿಯ ಎಂದರೆ ಜಿಪುಣತನ, ತನ್ನದನ್ನು ಬೇರೆಯವರು ಮುಟ್ಟಬಾರದು ಎಂಬ ಬಿಗಿತ.

ರಾಜಗೃಹದ ಹತ್ತಿರದ ಸಕ್ಕರ ಎಂಬ ಊರಿನವನು ಕೋಸಿಯ. ಎಂಬತ್ತು ಕೋಟಿಯ ಒಡೆಯ, ಹುಲ್ಲಿನ ತುದಿಗೆ ಅಂಟುವಷ್ಟು ಎಣ್ಣೆಯನ್ನೂ ಯಾರಿಗೂ ಕೊಟ್ಟವನಲ್ಲ. ಒಂದು ದಿನ ದಾರಿಯಲ್ಲಿ ಹಸಿದ ಹಳ್ಳಿಗನೊಬ್ಬ ರೊಟ್ಟಿಯಂಥ ತಿಂಡಿ ತಿನ್ನುವುದನ್ನು ಕಂಡು ಬಾಯಲ್ಲಿ ನೀರೂರಿತು. ಆದರೆ ಮನೆಯಲ್ಲಿ ಹೇಳಿದರೆ ಎಲ್ಲರೂ ಕೇಳುತ್ತಾರಲ್ಲ! ಬಾಯಿಬಿಡದೆ ಸೊರಗಿ ಹಾಸಿಗೆ ಹಿಡಿದ. ಹೆಂಡತಿ ಕಾರಣ ಕೇಳಿ ತಿಳಿದುಕೊಂಡು, ಅಷ್ಟೇ ತಾನೆ, ಇಡೀ ಊರಿಗೆ ಸಾಕಾಗುವಷ್ಟು ಮಾಡುತ್ತೇನೆ ಎಂದಳು. ಊರಿಗೇಕೆ? ಹಾಗಾದರೆ ನಮ್ಮ ಬೀದಿಗೆ. ಬೀದಿಗೇಕೆ? ಮನೆ ಮಕ್ಕಳಿಗೆ. ಅವರಿಗೇಕೆ? ನಮ್ಮಿಬ್ಬರಿಗೆ. ನಿನಗೇಕೆ?

ಕೊನೆಗೆ ಅವನೊಬ್ಬನಿಗೆ ಎಂದಾಯಿತು. ಇಡಿ ಅಕ್ಕಿ ಬೇಡ, ನುಚ್ಚು ಸಾಕು. ಯಾರೂ ನೋಡಬಾರದೆಂದು ಏಳನೇ ಮಹಡಿಗೆ ಹತ್ತಿ, ಪ್ರತಿ ಮಹಡಿಯ ಬಾಗಿಲಿಗೂ ಅಗುಳಿ ಹಾಕಿ ಒಲೆ ಹೊತ್ತಿಸಿದರು. ತಲೆ ಎತ್ತಿದರೆ ಕಿಟಕಿಯ ಹೊರಗೆ ಆಕಾಶದಲ್ಲಿ ಮಹಾಮೊಗ್ಗಲ್ಲಾನರು ನಿಂತಿದ್ದಾರೆ! ಏನು ಮಾಡಿದರೂ ಹೋಗಲಿಲ್ಲ. ಪೀಡೆ ಕಳೆಯಲಿ ಎಂದು ಕೋಸಿಯ ಹೆಂಡತಿಗೆ, ಚಿಕ್ಕದೊಂದು ಮಾಡಿ ಕೊಟ್ಟುಬಿಡು ಎಂದ. ಒಂದು ಚೂರು ಹಿಟ್ಟು ಹಾಕಿದರೆ ಅದು ಉಬ್ಬಿ ಹಂಚಿನ ತುಂಬ ಹರಡಿತು. ಇದು ಬಹಳ ದೊಡ್ಡದು, ಇನ್ನೂ ಚಿಕ್ಕದು ಮಾಡು ಎಂದರೆ ಮುಂದಿನದು ಅದಕ್ಕಿಂತ ದೊಡ್ಡದು. ಸಾಕಾಗಿ ಬುಟ್ಟಿಯಿಂದ ಒಂದನ್ನು ತೆಗೆಯಲು ಹೋದರೆ ಎಲ್ಲವೂ ಒಂದಕ್ಕೊಂದು ಅಂಟಿಕೊಂಡಿವೆ. ಗಂಡ ಆ ಕಡೆ, ಹೆಂಡತಿ ಈ ಕಡೆ ಎಳೆದರು, ಬೆವರು ಕಿತ್ತುಬಂತು, ರೊಟ್ಟಿ ಬಿಡಲಿಲ್ಲ. ಅಷ್ಟು ಹೊತ್ತಿಗೆ ಅವನ ಆಸೆಯೇ ಇಂಗಿಹೋಯಿತು. ಬುಟ್ಟಿಯನ್ನೇ ಕೊಟ್ಟುಬಿಡು ಎಂದ. ಮುಂದೆ ಆ ರೊಟ್ಟಿ ಜೇತವನದಲ್ಲಿ ಬುದ್ಧರಿಗೂ 500 ಭಿಕ್ಖುಗಳಿಗೂ ಬಡಿಸಿದರೂ ಮುಗಿಯಲಿಲ್ಲ.

ಪಾಲಿಯಲ್ಲಿ ಆ ತಿಂಡಿಯ ಹೆಸರು ಕಪಲ್ಲಪೂವ. ಕಪಲ್ಲ ಎಂದರೆ ಹಂಚು. ನಮ್ಮ ಭಾಷೆಯ ಸೊಗಸು ನೋಡಿ: ರೊಟ್ಟಿ ಸುಡುವುದೂ ಹಂಚು, ಪಾಲು ಕೊಡುವುದೂ ಹಂಚು. ಈ ಕಥೆಯನ್ನು ನಾನು ಹಳೆಯ ಕ್ಯಾಲೆಂಡರಿನ ಹಿಂಭಾಗದಲ್ಲಿ ಏಳು ಮಹಡಿ ಬರೆದು, ಪ್ರತಿ ಮಹಡಿಗೆ ಒಂದು ಬೀಗ ಬರೆದು ಮಕ್ಕಳಿಗೆ ಹೇಳಿದೆ. ರೊಟ್ಟಿ ಎಳೆಯುವ ಜಾಗದಲ್ಲಿ ಇಬ್ಬರೂ ಒಂದು ಟವೆಲಿನ ಎರಡು ತುದಿ ಹಿಡಿದು ಎಳೆದಾಡಿ ಬಿದ್ದು ನಕ್ಕರು. ನಮ್ಮ ಮನೆಯ ಚಿತ್ರಪುಸ್ತಕ ತಯಾರಾಯಿತು.

*ಮೂರು ಕಾಲದ ಸಂತೋಷ*

ನಗು ಯಾಕೆ ಬೇಕು? ಅಂಗುತ್ತರ ನಿಕಾಯದ ಒಂದು ಸೂತ್ರದಲ್ಲಿ, ವೇಳುಕಂಡಕಿಯ ನಂದಮಾತೆ ಸಾರಿಪುತ್ತ ಮೊಗ್ಗಲ್ಲಾನರಿದ್ದ ಸಂಘಕ್ಕೆ ದಾನ ಕೊಡುತ್ತಿದ್ದುದನ್ನು ಕುರಿತು ಬುದ್ಧರು ಕೊಡುವವರ ಮೂರು ಅಂಗ ಹೇಳುತ್ತಾರೆ. ಕೊಡುವ ಮುಂಚೆ ಮನಸ್ಸಿಗೆ ಹಿಗ್ಗು, ಕೊಡುವಾಗ ಮನಸ್ಸಿಗೆ ತಿಳಿ, ಕೊಟ್ಟ ಮೇಲೆ ಮನಸ್ಸಿಗೆ ತೃಪ್ತಿ. ಈ ಮೂರನ್ನು ನನ್ನ ರೈಲಿನ ಕಥೆಗೆ ಹಿಡಿದು ನೋಡಿ. ಮುಂಚೆ ಭಯ, ಕೊಡುವಾಗ ಅಳು, ಆಮೇಲೆ ಮಂಚದ ಕೆಳಗೆ ಗಂಟು. ವಸ್ತು ಕೈ ಬದಲಾಯಿಸಿತು, ಆದರೆ ದಾನ ಆಗಲಿಲ್ಲ. ಮಗುವಿನ ಕೈ ಬಿಡಿಸುವ ಶಕ್ತಿ ನಮಗಿದೆ, ಮನಸ್ಸು ಬಿಡಿಸುವ ಶಕ್ತಿ ಇಲ್ಲ. ಅದನ್ನು ಮಗುವೇ ಬಿಡಬೇಕು. ನಗು ಅದಕ್ಕೆ ದಾರಿ ಮಾಡಿಕೊಡುತ್ತದೆ.

ಒಂದು ಎಚ್ಚರ. ನಗು ಕಥೆಯ ಆನೆಯ ಮೇಲೆ, ಕೋಸಿಯನ ಮೇಲೆ ಇರಲಿ. "ನಮ್ಮ ಮನೆ ಕೋಸಿಯ ಬಂದಳು ನೋಡು" ಎಂದು ಮಗುವನ್ನೇ ಆಡಿಕೊಂಡರೆ ಅದು ಮತ್ತೆ ಏಳನೇ ಮಹಡಿ ಹತ್ತಿ ಅಗುಳಿ ಹಾಕಿಕೊಳ್ಳುತ್ತದೆ.

*ಇಂದಿನ ಅಭ್ಯಾಸ*

1. ಇವತ್ತು ಮಗುವಿನ ಜೊತೆ ಒಂದು ನಗುವಿನ ಕಥೆ ಓದಿ. ಕೊನೆಯಲ್ಲಿ ನೀತಿ ಹೇಳಬೇಡಿ. ಆನೆ ಯೋಚಿಸುವ ಪುಟದಲ್ಲಿ ನಿಂತು "ಈಗ ಅವನಿಗೆ ಹೇಗನ್ನಿಸ್ತಿದೆ?" ಎಂದಷ್ಟೇ ಕೇಳಿ. ದುಡ್ಡು ಕೊಟ್ಟು ಪುಸ್ತಕ ಕೊಳ್ಳಲೇಬೇಕೆಂದಿಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಚಿತ್ರಪುಸ್ತಕಗಳು ಉಚಿತವಾಗಿ ಸಿಗುತ್ತವೆ.

2. ಮನೆಗೆ ಮಕ್ಕಳು ಬರುವ ಮುಂಚೆ, ಕೊಡಲು ಇಷ್ಟವಿಲ್ಲದ ಒಂದು ಆಟಿಕೆಯನ್ನು ಎತ್ತಿಡಲು ಮಗುವಿಗೆ ಬಿಡಿ. ಒಂದು ಭದ್ರವಾಗಿದೆ ಎಂದು ಗೊತ್ತಾದರೆ ಉಳಿದದ್ದನ್ನು ಕೊಡುವುದು ಸುಲಭ.

3. ತಿಂಡಿ ಹಂಚುವ ಕೆಲಸ ಮಗುವಿನ ಕೈಗೇ ಕೊಡಿ. ಮೊದಲ ದಿನ ತನಗೆ ದೊಡ್ಡ ಚೂರು ಇಟ್ಟುಕೊಂಡರೆ ಸುಮ್ಮನಿರಿ.

4. ನಿಮ್ಮ ಏಳನೇ ಮಹಡಿ ಯಾವುದು ಎಂದು ಒಮ್ಮೆ ಕೇಳಿಕೊಳ್ಳಿ.

ನಾಲ್ಕನೆಯದನ್ನು ನಾನು ಯೋಚಿಸಿ ಬರೆದದ್ದಲ್ಲ, ಮೊಮ್ಮಗಳು ಕಲಿಸಿದ್ದು. ಮೊನ್ನೆ ನಮ್ಮ ಕೂಟದ ಒಬ್ಬರು ಫೋನ್ ಮಾಡಿ ಜಾತಕ ಕಥೆಗಳ ಪುಸ್ತಕ ಓದಲು ಕೊಡುತ್ತೀರಾ ಎಂದರು. ಹಿಂದೆ ಕೊಟ್ಟ ಒಂದು ಪುಸ್ತಕ ಹಾಳೆ ಮಡಚಿ ವಾಪಸ್ ಬಂದಿತ್ತು. "ಎಲ್ಲಿಟ್ಟಿದ್ದೀನೋ, ಹುಡುಕಿ ನೋಡ್ತೀನಿ" ಅಂದೆ. ಪಕ್ಕದಲ್ಲಿ ಬಣ್ಣ ಹಚ್ಚುತ್ತಿದ್ದವಳು ತಲೆ ಎತ್ತಿ, ಗಾಜಿನ ಬೀರುವಿನ ಕಡೆ ಕೈ ತೋರಿಸಿ, "ಅಜ್ಜೀ, ಅಲ್ಲೇ ಇದೆಯಲ್ಲ! ಏಳನೇ ಮಹಡಿ! ಏಳನೇ ಮಹಡಿ!" ಎಂದು ಕುಣಿದಳು. ಫೋನಿನ ಆ ಕಡೆಯವರಿಗೂ ಕೇಳಿಸಿತು.

ಬುದ್ಧರು ಹೇಳಿದ ಐದು ಬಗೆಯ ಮಚ್ಚರಿಯಗಳೆಂದರೆ ವಾಸಸ್ಥಳದ್ದು, ಕುಲದ್ದು, ಲಾಭದ್ದು, ಹೊಗಳಿಕೆಯದ್ದು ಮತ್ತು ಧಮ್ಮದ್ದು. ರೈಲು ಬಿಡದ ನಾಲ್ಕು ವರ್ಷದವಳನ್ನು ತಿದ್ದಲು ಹೋದ ನಾನು, ಧಮ್ಮದ ಪುಸ್ತಕಕ್ಕೇ ಬೀಗ ಹಾಕಿ ಕೂತಿದ್ದೆ. ಅವಳು ನಗುತ್ತ ಹೇಳಿದ್ದರಿಂದ ನನಗೂ ನಗು ಬಂತು. ಬೈದಿದ್ದರೆ ಬಹುಶಃ ಕಾರಣ ಹುಡುಕುತ್ತಿದ್ದೆ.

ಬರುವ ಭಾನುವಾರ ಪುಸ್ತಕಗಳನ್ನು ತರುತ್ತಿದ್ದೇನೆ. ಬೇಕಾದವರು ತೆಗೆದುಕೊಂಡು ಹೋಗಿ. ಹಾಳೆ ಮಡಚಿದರೂ ಪರವಾಗಿಲ್ಲ.

ಎಲ್ಲರಿಗೂ ಮಂಗಳವಾಗಲಿ.
ಸಾಧು, ಸಾಧು, ಸಾಧು 🙏

_ಚಿಕ್ಕ ಮಕ್ಕಳಿರುವ ಮನೆಗಳಿಗೆ ಈ ಚಿಂತನೆಯನ್ನು ಕಳುಹಿಸಿ. ಹಂಚಿದರೆ ಇದು ಮುಗಿಯುವುದಿಲ್ಲ._