ಕಾವಲಿಲ್ಲದ ಮೂಲೆ: ಸಾರ್ದಿಸ್ ಪಟ್ಟಣದ ಪಾಠ



ಲೋಕಕ್ಕೊಂದು ಅಂತ್ಯವುಂಟು, ಅಂದು ಯೇಸುಕ್ರಿಸ್ತನು ಮರಳಿ ಬಂದು ನ್ಯಾಯ ತೀರಿಸುವನು ಎಂಬುದು ಕ್ರೈಸ್ತ ಮತದ ಮೂಲ ನಂಬುಗೆಗಳಲ್ಲೊಂದು. ಆ ದಿನವು ಯಾವುದೆಂಬುದನ್ನು ಮನುಷ್ಯರು ಅರಿಯರು. ಆದುದರಿಂದ ಸದಾ ಎಚ್ಚರವಾಗಿರಬೇಕೆಂಬುದು ಸುವಾರ್ತೆಗಳ ಬೋಧೆ. ಎಚ್ಚರವೆಂದರೇನು, ಮೈಮರೆವೆಂದರೇನು ಎಂಬುದನ್ನು ಒಂದು ಪಟ್ಟಣದ ಚರಿತ್ರೆಯಿಂದ ಚೆನ್ನಾಗಿ ತಿಳಿಯಬಹುದು. ಆ ಪಟ್ಟಣವೇ ಸಾರ್ದಿಸ್.

ಇಂದಿನ ತುರ್ಕಿ ದೇಶದಲ್ಲಿ, ಇಜ್ಮೀರ್ ನಗರಕ್ಕೆ ಪೂರ್ವದಲ್ಲಿ, ಸಾರ್ತ್ ಎಂಬ ಚಿಕ್ಕ ಊರಿದೆ. ಪ್ರಾಚೀನ ಲಿಡಿಯಾ ರಾಜ್ಯದ ರಾಜಧಾನಿಯು ಇದ್ದುದು ಇಲ್ಲಿಯೇ. ಅಲ್ಲಿಯ ಪಕ್ಟೋಲಸ್ ಹೊಳೆಯ ಮರಳಿನಲ್ಲಿ ಚಿನ್ನದ ಕಣಗಳು ದೊರೆಯುತ್ತಿದ್ದುವು. ಕ್ರೀಸಸ್ ದೊರೆಯ ಐಶ್ವರ್ಯವು ಗಾದೆಯ ಮಾತಾಗಿದ್ದಿತು. ಪಟ್ಟಣದ ಬೆನ್ನಿಗೆ ಕಡಿದಾದ ಬೆಟ್ಟ. ಅದರ ನೆತ್ತಿಯ ಮೇಲೆ ಕೋಟೆ. ಇದನ್ನು ಏರಬಲ್ಲವರಾರು ಎಂಬುದೇ ಅಲ್ಲಿಯ ಜನರ ಧೈರ್ಯ.

ಕ್ರಿ.ಪೂ. 546ರ ಸುಮಾರಿಗೆ ಪಾರಸಿಕ ದೊರೆ ಸೈರಸನು ಈ ಪಟ್ಟಣವನ್ನು ಮುತ್ತಿದನು. ಮುಂದಿನ ಸಂಗತಿಯನ್ನು ಗ್ರೀಕ್ ಇತಿಹಾಸಕಾರ ಹೆರೊಡೋಟಸನು ಹೇಳಿದ್ದಾನೆ. ಕೋಟೆಯ ಸೈನಿಕನೊಬ್ಬನ ಶಿರಸ್ತ್ರಾಣವು ಕೈಜಾರಿ ಕೆಳಗುರುಳಿತು. ಅವನು ಬಂಡೆಯ ಮೇಲೆ ಮೆಲ್ಲನೆ ಇಳಿದು, ಅದನ್ನೆತ್ತಿಕೊಂಡು ಮರಳಿ ಏರಿಹೋದನು. ಇದನ್ನು ಶತ್ರುಪಕ್ಷದವನೊಬ್ಬನು ಕಂಡನು. ಇಳಿಯುವ ದಾರಿಯಿದ್ದರೆ ಏರುವ ದಾರಿಯೂ ಇದೆಯಷ್ಟೆ! ಮರುದಿನ ಅದೇ ಜಾಡಿನಲ್ಲಿ ಪಾರಸಿಕರು ಹತ್ತಿದರು. ಆ ಕಡೆಯಿಂದ ಭಯವೇ ಇಲ್ಲವೆಂದು ಲಿಡಿಯಾದವರು ಅಲ್ಲಿ ಕಾವಲನ್ನೇ ಇರಿಸಿರಲಿಲ್ಲ. ಮುತ್ತಿಗೆಯ ಹದಿನಾಲ್ಕನೆಯ ದಿನ ಕೋಟೆ ಬಿದ್ದಿತು.

ಒಮ್ಮೆ ಪೆಟ್ಟು ತಿಂದವರು ಬುದ್ಧಿ ಕಲಿಯಬೇಕಾಗಿತ್ತು. ಆದರೆ ಮೂರು ಶತಮಾನಗಳು ಕಳೆದ ಮೇಲೆ, ಕ್ರಿ.ಪೂ. 214ರ ಸುಮಾರಿಗೆ, ಮೂರನೆಯ ಆಂಟಿಯೋಕಸ್ ದೊರೆಯು ಅದೇ ಪಟ್ಟಣವನ್ನು ಮುತ್ತಿದಾಗ ಮತ್ತೆ ಹಾಗೆಯೇ ಆಯಿತು. ಕಡಿದಾದ ಒಂದು ಕಡೆಯಲ್ಲಿ ಸತ್ತ ಕುದುರೆಗಳನ್ನು ಕಣಿವೆಗೆ ಎಸೆಯುತ್ತಿದ್ದರು. ಅವನ್ನು ತಿಂದ ಹದ್ದುಗಳು ಮೇಲಿನ ಗೋಡೆಯ ಮೇಲೆ ನಿಶ್ಚಿಂತೆಯಿಂದ ಕುಳಿತುಕೊಳ್ಳುವುದನ್ನು ಲಾಗೊರಸ್ ಎಂಬ ಸೈನಿಕನು ಗಮನಿಸಿದನು. ಹಕ್ಕಿ ಹೆದರದೆ ಕುಳಿತಿದೆಯೆಂದರೆ ಅಲ್ಲಿ ಮನುಷ್ಯನಿಲ್ಲ! ರಾತ್ರಿ ಏಣಿಗಳನ್ನಿಟ್ಟು ಹತ್ತಿದರು. ಪಟ್ಟಣವು ಮತ್ತೊಮ್ಮೆ ಶತ್ರುವಶವಾಯಿತು.

ಬಳಿಕ ರೋಮನರ ಆಳಿಕೆ ಬಂದಿತು. ಕ್ರಿ.ಶ. 17ರಲ್ಲಿ ಒಂದೇ ರಾತ್ರಿಯ ಭೂಕಂಪದಿಂದ ಆ ಪ್ರಾಂತದ ಹನ್ನೆರಡು ಪಟ್ಟಣಗಳು ಹಾಳಾದುವು. ಹೆಚ್ಚಿನ ಹಾನಿ ಸಾರ್ದಿಸಿಗೇ. ಟೈಬೀರಿಯಸ್ ಚಕ್ರವರ್ತಿಯು ಒಂದು ಕೋಟಿ ಸೆಸ್ಟರ್ಸ್ ನಾಣ್ಯಗಳ ನೆರವಿತ್ತು, ಐದು ವರ್ಷಗಳ ತೆರಿಗೆಯನ್ನು ಮನ್ನಾ ಮಾಡಿದನು.

ಇಂಥ ಊರಿನ ಕ್ರೈಸ್ತ ಸಭೆಗೆ ಬರೆದ ಓಲೆಯೊಂದು ಬೈಬಲಿನ ಕೊನೆಯ ಗ್ರಂಥವಾದ ಪ್ರಕಟನೆಯ ಮೂರನೆಯ ಅಧ್ಯಾಯದಲ್ಲಿದೆ. ಸಭೆಗೆ ಜೀವಂತವೆಂಬ ಹೆಸರು ಮಾತ್ರ ಇದೆ, ನಿಜವಾಗಿ ಅದು ಸತ್ತಿದೆ; ಅಳಿದುಳಿದುದನ್ನಾದರೂ ಎಚ್ಚತ್ತು ಬಲಪಡಿಸಬೇಕು; ಇಲ್ಲದಿದ್ದರೆ ಕ್ರಿಸ್ತನು ಕಳ್ಳನಂತೆ ಅರಿಯದ ಹೊತ್ತಿನಲ್ಲಿ ಬರುವನು ಎಂಬುದು ಅದರ ಸಾರಾಂಶ. ಎರಡು ಸಲ ಮೈಮರೆತು ಕೋಟೆ ಕಳೆದುಕೊಂಡ ಊರಿನವರಿಗೆ ಈ ಮಾತು ಎಷ್ಟು ನಾಟಿರಬೇಕು! ಗಮನಿಸಿರಿ: ಈ ಓಲೆಯಲ್ಲಿ ಹೊರಗಿನ ಹಿಂಸಕರ ಪ್ರಸ್ತಾಪವೇ ಇಲ್ಲ. ಕೇಡು ಒಳಗಿನ ನಿದ್ರೆಯಲ್ಲಿಯೇ ಇದ್ದಿತು.

ಹಾಗಾದರೆ ಎಚ್ಚರವೆಂದರೆ ದಿನ ಎಣಿಸುವುದೇ? ಅಲ್ಲ. ಅಮೆರಿಕೆಯ ವಿಲಿಯಂ ಮಿಲ್ಲರ್ ಎಂಬ ಬೇಸಾಯಗಾರನು ಗ್ರಂಥಗಳನ್ನು ಲೆಕ್ಕಹಾಕಿ ಅಂತ್ಯಕಾಲವು ಸಮೀಪಿಸಿತೆಂದು ಸಾರಿದನು. ಅವನ ಅನುಯಾಯಿಗಳು 1844ರ ಅಕ್ಟೋಬರ್ 22ರಂದು ಕ್ರಿಸ್ತನು ಬರುವನೆಂದು ಕಾದರು. ಕೆಲವರು ಬೆಳೆಯನ್ನು ಕೊಯ್ಯದೆ ಹೊಲದಲ್ಲಿಯೇ ಬಿಟ್ಟರು. ದಿನವು ಬಂದಿತು, ಹೋಯಿತು, ಉಳಿದುದು ಕಣ್ಣೀರು. ಪೌಲನಾದರೋ ಥೆಸಲೊನೀಕದವರಿಗೆ ಬರೆದಾಗ, ಕೆಲಸಗೇಡಿಗಳಾಗಿ ತಿರುಗುವವರನ್ನು ಗದರಿಸಿ, ದುಡಿದು ಉಣ್ಣಬೇಕೆಂದು ವಿಧಿಸಿದನು. ಮತ್ತಾಯನ ಸುವಾರ್ತೆಯ ಹತ್ತು ಮಂದಿ ಕನ್ಯೆಯರ ಸಾಮತಿಯಲ್ಲಿ ಹತ್ತು ಮಂದಿಯೂ ತೂಕಡಿಸಿದರು; ಭೇದವಿದ್ದುದು ಎಣ್ಣೆಯನ್ನು ಮೊದಲೇ ತಂದಿರುವುದರಲ್ಲಿ. ಆದುದರಿಂದ ನಿತ್ಯಕರ್ತವ್ಯವನ್ನು ತಪ್ಪದೆ ನಡೆಸುವುದೇ ಸಿದ್ಧತೆ.

ನನ್ನ ವೃತ್ತಿಯಲ್ಲಿಯೂ ಕಾವಲಿಲ್ಲದ ಮೂಲೆಯೊಂದಿದ್ದಿತು. ಮುಂದಿನ ಬೆಂಚಿನ ಹುಡುಗನೊಬ್ಬನ ಅಕ್ಷರ ಮುತ್ತಿನಂತೆ, ನಡತೆ ನಿರ್ದುಷ್ಟ. ಇವನ ಚಿಂತೆ ಬೇಡವೆಂದು ಅವನ ಲೆಕ್ಕದ ಪುಸ್ತಕವನ್ನು ನಾನು ತಿಂಗಳುಗಟ್ಟಲೆ ತೆರೆದು ನೋಡಲಿಲ್ಲ. ಹಿಂದಿನ ಬೆಂಚಿನವರನ್ನೇ ಕಾಯುತ್ತಿದ್ದೆನು. ವರ್ಷಾಂತ್ಯದ ಪರೀಕ್ಷೆಯಲ್ಲಿ ಅವನೇ ಅನುತ್ತೀರ್ಣನಾದನು. ಆಮೇಲೆ ಪುಸ್ತಕವನ್ನು ತೆರೆದರೆ, ಲೆಕ್ಕಗಳೆಲ್ಲ ನೆರೆಯವನದನ್ನು ನೋಡಿ ಬರೆದವು! ಹುಡುಗನ ತಪ್ಪಿಗಿಂತ ನನ್ನ ತಪ್ಪೇ ದೊಡ್ಡದು. ಎಲ್ಲಿ ಭಯವಿಲ್ಲವೆಂದುಕೊಂಡೆನೋ ಅಲ್ಲಿಯೇ ಕೋಟೆ ಬಿದ್ದಿತು.

ಪೋಷಕರೇ, ಜಾಣನೆಂದು ಹೆಸರು ಪಡೆದ ಮಗುವಿನ ಪುಸ್ತಕವನ್ನೂ ಈ ರಾತ್ರಿ ಒಮ್ಮೆ ತೆರೆದು ನೋಡಿರಿ. ವಿದ್ಯಾರ್ಥಿಗಳೇ, ನಿಮಗೆ ಚೆನ್ನಾಗಿ ಬರುವುದೆಂದು ಬದಿಗಿಟ್ಟ ಪಾಠವನ್ನೇ ಮೊದಲು ಓದಿರಿ. ಹಳೆಯ ಹೆಸರು ಕೋಟೆಯಲ್ಲ; ಇಂದಿನ ಕಾವಲೇ ಕೋಟೆ.

ಅಭ್ಯಾಸ
1. ಸಾರ್ದಿಸ್ ಕೋಟೆಯು ಎರಡು ಸಲ ಬಿದ್ದುದಕ್ಕೆ ಇದ್ದ ಸಮಾನ ಕಾರಣವೇನು?
2. ದಿನ ಎಣಿಸುವುದಕ್ಕೂ ಎಚ್ಚರವಾಗಿರುವುದಕ್ಕೂ ಇರುವ ಭೇದವನ್ನು ತಿಳಿಸಿರಿ.
3. ನಿಮ್ಮ ಕಾವಲಿಲ್ಲದ ಮೂಲೆ ಯಾವುದು? ಇದರ ಉತ್ತರವನ್ನು ಬರೆಯಬೇಕಾಗಿಲ್ಲ, ತಿದ್ದಿಕೊಂಡರೆ ಸಾಕು.