ಪುಸ್ತಕದಲ್ಲಿಲ್ಲದ ಕೋಡಿಗೂ ಒಂದು ಸಾಲು ಬೇಕು

ವಿಗ್ರಹದ ಅಳತೆ, ದರ, ಫೋಟೊಗಳನ್ನು ಶಿವಾರಪಟ್ಟಣದ ಶಿಲ್ಪಿಯೊಬ್ಬರು ದೂರದ ಊರಿನ ದೇವಸ್ಥಾನ ಸಮಿತಿಗೆ ಇಮೇಲ್ ಮಾಡಿದರು ಎಂದುಕೊಳ್ಳಿ. ಮೇಲ್ ವಾಪಸ್ ಬಂದರೆ ಅದರ ಕಾರಣ ಅಡಗಿರುವುದು ಮೂರಂಕಿಯ ಒಂದು ಕೋಡಿನಲ್ಲಿ. ವಿಳಾಸ ತಪ್ಪಿದ್ದರೆ ಸಮಿತಿಯವರಿಗೆ ಫೋನ್ ಮಾಡಬೇಕು, ಸ್ಪ್ಯಾಮ್ ಎಂದು ತಡೆದಿದ್ದರೆ ತಮ್ಮ ಕಡೆಯ ಸರ್ವರ್ ಸರಿಪಡಿಸಬೇಕು. ಕೋಡ್ ಅಧಿಕೃತ ಪಟ್ಟಿಯಲ್ಲೇ ಇಲ್ಲದಿದ್ದರೆ ಎರಡರಲ್ಲಿ ಯಾವುದೆಂದು ಹೇಳುವವರಿಲ್ಲ. ಮೇಲ್ ಸರ್ವರ್‌ಗಳ ಲಾಗ್ ಓದುವ ಕೆಲಸ ನನಗೆ ಮನದಟ್ಟು ಮಾಡಿಕೊಟ್ಟದ್ದು ಇಷ್ಟು: ಚಲಾವಣೆಯಲ್ಲಿರುವ ಕೋಡನ್ನು, ಅದು ಅನಧಿಕೃತವೇ ಆಗಿರಲಿ, ಮಾನಕದ ದಾಖಲೆ ಹೆಸರಿಸಲೇಬೇಕು.

ಮೊದಲ ಅಂಕಿಯೊಂದೇ ಸಾಕು ಎಂಬ ವಾದ ಹಳೆಯದು. 4ರಿಂದ ಶುರುವಾದರೆ ಆಮೇಲೆ ಮತ್ತೆ ಪ್ರಯತ್ನಿಸು, 5ರಿಂದ ಶುರುವಾದರೆ ಕೈಬಿಡು. ಗೊತ್ತಿಲ್ಲದ ಕೋಡ್ ಬಂದಾಗ ಸರ್ವರ್ ಇಷ್ಟು ನೋಡಿದರೂ ಅದರ ಕೆಲಸ ಸಾಗುತ್ತದೆ. ಮನುಷ್ಯರ ಕೆಲಸ ಸಾಗುವುದಿಲ್ಲ. 432ನ್ನೇ ನೋಡಿ. ಇಂಟರ್ನೆಟ್‌ನ ತಾಂತ್ರಿಕ ದಾಖಲೆಗಳಾದ ಆರ್‌ಎಫ್‌ಸಿಗಳ ಸರಣಿಯಲ್ಲಿ 2007ರ ಆರ್‌ಎಫ್‌ಸಿ 4954ರ ಪ್ರಕಾರ ಅದು ಲಾಗಿನ್‌ಗೆ ಸಂಬಂಧಿಸಿದ್ದು: ಪಾಸ್‌ವರ್ಡ್ ಹೊಸ ವ್ಯವಸ್ಥೆಗೆ ಬದಲಾಗಬೇಕು, ಅದಕ್ಕಾಗಿ ಬಳಕೆದಾರ ಒಮ್ಮೆ ಬೇರೆ ವಿಧಾನದಲ್ಲಿ ಒಳಬರಬೇಕು. ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್ ಅದೇ 432ನ್ನು ಕೊಡುವುದು, ಒಬ್ಬರ ಅಂಚೆಪೆಟ್ಟಿಗೆಗೆ ಏಕಕಾಲಕ್ಕೆ ಮಿತಿಮೀರಿ ಮೇಲ್ ಬಂದಾಗ. ಎರಡನೆಯದು ಕಾದರೆ ತಾನೇ ಸರಿಹೋಗುತ್ತದೆ. ಮೊದಲನೆಯದು ಎಷ್ಟು ಕಾದರೂ ಸರಿಹೋಗದು. ಎರಡರ ಮೊದಲ ಅಂಕಿಯೂ 4. ಎರಡನೆಯ ಅರ್ಥವನ್ನು ಮಾನಕ ಬರೆದಿಡದೆ ಹೋದರೆ, ನಿಯಮ ಓದಿ ಬಂದವರೇ ದಾರಿ ತಪ್ಪುತ್ತಾರೆ.

ಬರೆದಿಟ್ಟರೆ ಏನಾಗುತ್ತದೆ ಎಂಬುದಕ್ಕೆ 521ರ ಕಥೆ ಸಾಕ್ಷಿ. ಮೇಲ್ ತೆಗೆದುಕೊಳ್ಳದ ಯಂತ್ರವೊಂದು ಹಾಗೆಂದು ಹೇಳದೆ ಸುಮ್ಮನಿದ್ದರೆ ಕಳುಹಿಸುವ ಸರ್ವರ್ ದಿನಗಟ್ಟಲೆ ಬಾಗಿಲು ತಟ್ಟುತ್ತಲೇ ಇರುತ್ತದೆ. ಆರ್‌ಎಫ್‌ಸಿ 5321 ಸೂಚಿಸುವ ಗಡುವೇ ಕನಿಷ್ಠ 4-5 ದಿನ. ಇದನ್ನು ತಪ್ಪಿಸಲು 1995ರಲ್ಲಿ ಆರ್‌ಎಫ್‌ಸಿ 1846 ಪ್ರಾಯೋಗಿಕ ಎಂಬ ಹಣೆಪಟ್ಟಿಯೊಂದಿಗೆ 521ನ್ನು ಬರೆದಿಟ್ಟಿತು. ಸರ್ವರ್‌ಗಳು ಬಳಸಿದವು. 2008ರ ಮುಖ್ಯ ಮಾನಕವಾದ ಅದೇ ಆರ್‌ಎಫ್‌ಸಿ 5321 ಅದನ್ನು ಸೇರಿಸಲಿಲ್ಲ, ಬಳಕೆಯೂ ನಿಲ್ಲಲಿಲ್ಲ. ಕೊನೆಗೆ 2015ರಲ್ಲಿ ಆರ್‌ಎಫ್‌ಸಿ 7504 ಅದನ್ನು ಮಾನಕದೊಳಕ್ಕೆ ತಂದಿತು. ಇಪ್ಪತ್ತು ವರ್ಷ ಅಂಚಿನಲ್ಲಿದ್ದ ಕೋಡ್ ಅರ್ಥ ಕೆಡದೆ ಉಳಿದದ್ದು ಎಲ್ಲೋ ಒಂದು ಕಡೆ ಸ್ಪಷ್ಟವಾಗಿ ಬರೆದಿದ್ದರಿಂದ ಎಂದೇ ನಾನು ನಂಬುತ್ತೇನೆ.

ದಾಖಲಿಸಿದರೆ ಮನ್ನಣೆ ಕೊಟ್ಟಂತಾಗುತ್ತದೆ, ಆಮೇಲೆ ಪ್ರತಿ ಕಂಪನಿಯೂ ತನ್ನದೊಂದು ಕೋಡ್ ಹುಟ್ಟುಹಾಕುತ್ತದೆ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೆ ದಾಖಲೆ ಬೇರೆ, ಶಿಫಾರಸು ಬೇರೆ. ವೆಬ್‌ನ 418 ಹುಟ್ಟಿದ್ದು 1998ರ ಏಪ್ರಿಲ್ 1ರ ತಮಾಷೆಯ ಆರ್‌ಎಫ್‌ಸಿಯಲ್ಲಿ. ತಂತ್ರಾಂಶಗಳಲ್ಲಿ ಅದು ಬೇರೂರಿದ್ದರಿಂದ 2022ರ ಎಚ್‌ಟಿಟಿಪಿ ಮಾನಕ ಅದನ್ನು ‘ಬಳಕೆಯಲ್ಲಿಲ್ಲ’ ಎಂದು ಗುರುತಿಸಿ ಕಾದಿರಿಸಿತು. ನಮ್ಮ ೞ ಅಕ್ಷರಕ್ಕೂ ಹೀಗೇ ಆಗಿದೆ: ಯೂನಿಕೋಡ್ ಅದಕ್ಕೆ ತಪ್ಪಾಗಿ ‘ಫ’ ಎಂದು ಹೆಸರಿಟ್ಟಿತು, ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮ ಇರುವುದರಿಂದ ಪಟ್ಟಿಯಲ್ಲೇ ‘ಈ ಹೆಸರು ತಪ್ಪು’ ಎಂಬ ಟಿಪ್ಪಣಿಯನ್ನೂ ಸರಿಯಾದ ಹೆಸರನ್ನೂ ಸೇರಿಸಿತು. ಇದರಿಂದ ತಪ್ಪಿಗೆ ಮನ್ನಣೆ ಸಿಗಲಿಲ್ಲ, ಓದುವವರಿಗೆ ದಾರಿ ಸಿಕ್ಕಿತು.

ಇಮೇಲಿಗೆ ಹೊಸ ಸಂಸ್ಥೆಯನ್ನೇನೂ ಕಟ್ಟಬೇಕಾಗಿಲ್ಲ. 5.7.1ರಂಥ ವಿಸ್ತೃತ ಕೋಡ್‌ಗಳಿಗೆ ಇಂಟರ್ನೆಟ್‌ನ ಸಂಖ್ಯೆ, ಕೋಡ್‌ಗಳನ್ನು ನೋಂದಾಯಿಸುವ ಐಎಎನ್‌ಎ 2008ರಿಂದ ನಡೆಸುವ ನೋಂದಣಿ ಪಟ್ಟಿಯಿದೆ. ಅದರಲ್ಲಿ ಸಂಬಂಧಿಸಿದ ಮೂರಂಕಿಯ ಕೋಡಿಗೂ ಜಾಗವಿದೆ. ಅನಧಿಕೃತ ಕೋಡ್‌ಗಳನ್ನೂ ಅಲ್ಲಿಗೆ ತಂದು, ಯಾವ ಸರ್ವರ್ ಯಾವ ಅರ್ಥದಲ್ಲಿ ಕೊಡುತ್ತದೆ, ಹೊಸದಾಗಿ ಬಳಸಬಹುದೋ ಬಾರದೋ ಎಂದು ಪಕ್ಕದಲ್ಲೇ ನಮೂದಿಸಲಿ.