ಒಂದು ಕೋಲು, ಎರಡು ನೆರಳು, ಭೂಮಿಯ ಒಡಲು

ಭೂಮಿಯ ಸರಾಸರಿ ತ್ರಿಜ್ಯ 6371 ಕಿ.ಮೀ. ಹೈಸ್ಕೂಲಿನಿಂದಲೂ ಈ ಅಂಕಿ ನನಗೆ ಬಾಯಿಪಾಠ. ಒಂದು ದಿನ ತರಗತಿಯಲ್ಲಿ ನಮ್ಮ ಭೌತಶಾಸ್ತ್ರ ಉಪನ್ಯಾಸಕರು, "ಅದನ್ನು ಹೇಗೆ ಅಳೆದರು?" ಎಂದು ಕೇಳಿದರು. "ಪುಸ್ತಕದಲ್ಲಿದೆ ಸರ್" ಎಂದೆ. ಎಲ್ಲರೂ ನಕ್ಕರು. ಸರ್ ನಗಲಿಲ್ಲ. "ಹಾಗಾದರೆ ಅದು ಪುಸ್ತಕಕ್ಕೆ ಗೊತ್ತು, ನಿನಗೆ ಗೊತ್ತಿಲ್ಲ" ಎಂದರು. ಆ ಮಾತು ಮನಸ್ಸಿಗೆ ನಾಟಿತು. ಆಮೇಲೆ ನಾನು ಕಲಿತದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿದ್ದ ಎರಟೋಸ್ತನೀಸ್ ಭೂಮಿಯನ್ನು ನೆರಳಿನಿಂದ ಅಳೆದ. ದಕ್ಷಿಣದ ಸೈಯೀನ್ ಊರಿನಲ್ಲಿ ವರ್ಷದ ಅತಿ ದೀರ್ಘ ಹಗಲಿನ ದಿನ ಸೂರ್ಯ ನೆತ್ತಿಯ ಮೇಲಿರುತ್ತಾನೆ, ನೆರಳೇ ಬೀಳುವುದಿಲ್ಲ. ಅದೇ ಮಧ್ಯಾಹ್ನ ಅಲೆಕ್ಸಾಂಡ್ರಿಯಾದಲ್ಲಿ ಸೂರ್ಯ ನೆತ್ತಿಯಿಂದ 7.2 ಡಿಗ್ರಿ ಓರೆಯಾಗಿರುತ್ತಾನೆ. 7.2 ಎಂದರೆ ವೃತ್ತದ ಐವತ್ತನೇ ಒಂದು ಭಾಗ. ಎರಡೂ ಊರುಗಳ ನಡುವಿನ ದೂರವನ್ನು 50ರಿಂದ ಗುಣಿಸಿದರೆ ಭೂಮಿಯ ಸುತ್ತಳತೆ ಸಿಗುತ್ತದೆ. ಸುಮಾರು ಸಾವಿರ ವರ್ಷಗಳ ಹಿಂದೆ ಅಲ್-ಬಿರೂನಿ ಬೇರೆ ದಾರಿ ಹಿಡಿದರು. ಇಂದಿನ ಪಾಕಿಸ್ತಾನದಲ್ಲಿರುವ ನಂದನಾ ಕೋಟೆಯ ಬಳಿ ಒಂದು ಬೆಟ್ಟದ ಎತ್ತರವನ್ನು ಅಳೆದರು. ಅದರ ತುದಿಯಿಂದ ದಿಗಂತ ಎಷ್ಟು ಕೆಳಗೆ ಕಾಣುತ್ತದೆ ಎಂಬ ಕೋನವನ್ನೂ ಅಳೆದು, ಆ ಎರಡರಿಂದಲೇ ತ್ರಿಜ್ಯವನ್ನು ಲೆಕ್ಕ ಹಾಕಿದರು.

ನಾನು ಮೊದಲನೆಯ ದಾರಿಯನ್ನು ಆರಿಸಿಕೊಂಡೆ. ನಾನಿರುವುದು ಮಂಗಳೂರಿನಲ್ಲಿ. ನನ್ನ ಮಾವನ ಮಗ ಬೀದರಿನಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಾನೆ. ಹಗಲು ರಾತ್ರಿ ಹೆಚ್ಚುಕಡಿಮೆ ಸಮವಾಗಿರುವ ಸೆಪ್ಟೆಂಬರ್ 23ರಂದು ಇಬ್ಬರೂ ಒಂದು ಮೀಟರ್ ಉದ್ದದ ಕೋಲನ್ನು ನೆಟ್ಟಗೆ ನಿಲ್ಲಿಸಿ ನೆರಳು ಅಳೆಯುವುದೆಂದು ಫೋನಿನಲ್ಲಿ ಮಾತಾಡಿಕೊಂಡೆವು. ಹಿಂದಿನ ದಿನ ಸರಿಯಾಗಿ 12 ಗಂಟೆಗೆ ಅಳೆದು ನೋಡಿದಾಗ ತಪ್ಪು ಗೊತ್ತಾಯಿತು. 12 ಗಂಟೆ ಕಳೆದ ಮೇಲೂ ನೆರಳು ಚಿಕ್ಕದಾಗುತ್ತಲೇ ಇತ್ತು. ಆಗ ಮಸೀದಿಯ ಗೋಡೆಯಲ್ಲಿರುವ ನಮಾಝಿನ ವೇಳಾಪಟ್ಟಿ ನೆನಪಾಯಿತು. ಝುಹರ್ ಸಮಯ ಶುರುವಾಗುವುದು ಸೂರ್ಯ ನೆತ್ತಿ ದಾಟಿದ ಮೇಲೆ. ಅದು ಗಡಿಯಾರದ 12 ಗಂಟೆಯಲ್ಲ, ತಿಂಗಳಿಂದ ತಿಂಗಳಿಗೆ, ಊರಿನಿಂದ ಊರಿಗೆ ಬದಲಾಗುತ್ತದೆ. ದಿನಾ ನೋಡುತ್ತಿದ್ದ ಪಟ್ಟಿ, ಕಾರಣ ಮಾತ್ರ ಯೋಚಿಸಿರಲಿಲ್ಲ.

ಮರುದಿನ ಮೋಡದ ಸಂದಿನಲ್ಲಿ ಬಿಸಿಲು ಬಂತು. ನನ್ನ ಕೋಲಿನ ನೆರಳು ಅತಿ ಚಿಕ್ಕದಾದದ್ದು 12:23ರ ಹೊತ್ತಿಗೆ, 23 ಸೆಂ.ಮೀ. ಬೀದರಿನಲ್ಲಿ 12:13ರ ಹೊತ್ತಿಗೆ, 32 ಸೆಂ.ಮೀ. ಈ ಹತ್ತು ನಿಮಿಷದ ಅಂತರವೇ ಒಂದು ಪಾಠ. ಭೂಮಿ ತನ್ನ ಅಕ್ಷದ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತದೆ. ಸೂರ್ಯನ ಎದುರು ಒಂದು ಡಿಗ್ರಿ ತಿರುಗಲು ಅದಕ್ಕೆ 4 ನಿಮಿಷ ಬೇಕು. ಬೀದರ್ ನಮಗಿಂತ ಸುಮಾರು ಎರಡೂವರೆ ಡಿಗ್ರಿ ಪೂರ್ವದಲ್ಲಿದೆ, ಹಾಗಾಗಿ ಅಲ್ಲಿ ಮಧ್ಯಾಹ್ನ ಮೊದಲು.

ತ್ರಿಕೋನಮಿತಿಯ ಪ್ರಕಾರ ನನ್ನ ಕೋನ 12.95 ಡಿಗ್ರಿ, ಅವನದು 17.75. ವ್ಯತ್ಯಾಸ 4.8. ರಸ್ತೆಯ ದೂರ ಇಲ್ಲಿ ಉಪಯೋಗಕ್ಕೆ ಬಾರದು, ನೇರ ಉತ್ತರ-ದಕ್ಷಿಣ ದೂರವೇ ಬೇಕು. ಭೂಪಟದಲ್ಲಿ ಅಳೆದಾಗ ಅದು ಸುಮಾರು 555 ಕಿ.ಮೀ. ಬಂತು. ಲೆಕ್ಕ ಹಾಕಿದರೆ ಸುತ್ತಳತೆ 41,625 ಕಿ.ಮೀ. ಧ್ರುವಗಳ ಮೂಲಕ ಹಾದುಹೋಗುವ ನಿಜವಾದ ಸುತ್ತಳತೆ 40,008. ನಮ್ಮ ತಪ್ಪು ಶೇ. 4ರಷ್ಟು.

ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ಬೀದರಿನ ನೆರಳನ್ನು ಬರೀ 4 ಮಿಲಿಮೀಟರ್ ಹೆಚ್ಚು ಬರೆದರೆ ಉತ್ತರ ಹೆಚ್ಚುಕಡಿಮೆ 40,000ಕ್ಕೆ ಬಂದು ನಿಲ್ಲುತ್ತಿತ್ತು. ಪ್ರಾಕ್ಟಿಕಲ್ ರೆಕಾರ್ಡಿನಲ್ಲಿ ನಾವು ಎಷ್ಟೋ ಸಲ ಮಾಡುವುದು ಅದನ್ನೇ. "32.4 ಅಂತ ಬರೆಯೋಣವಾ?" ಎಂದು ಕೇಳಿದೆ. "ನಾನು ನೋಡಿದ್ದು 32 ಮಾರಾಯ. 32.4 ಬರೆದರೆ ಮತ್ತೆ ಪುಸ್ತಕದ ಭೂಮಿಯೇ ಆಯಿತಲ್ಲ?" ಎಂದ. ನಾಚಿಕೆಯಾಯಿತು. 32 ಎಂದೇ ಬರೆದೆವು.

ಆ ಒರಟು ಅಳತೆಯೂ ನಮ್ಮನ್ನು ಭೂಮಿಯ ಒಳಗೆ ಕರೆದೊಯ್ಯಿತು. ನಮ್ಮ ಲೆಕ್ಕದ ತ್ರಿಜ್ಯ 6625 ಕಿ.ಮೀ. ಅದರ ಜೊತೆಗೆ ಗುರುತ್ವ ವೇಗೋತ್ಕರ್ಷ 9.8 ಮತ್ತು ಗುರುತ್ವ ಸ್ಥಿರಾಂಕವನ್ನು ಸೂತ್ರಕ್ಕೆ ಹಾಕಿದರೆ ಭೂಮಿಯ ಸರಾಸರಿ ಸಾಂದ್ರತೆ ನೀರಿನ 5.3 ಪಟ್ಟು ಎಂದು ಬರುತ್ತದೆ. ನಿಜವಾದ ಬೆಲೆ 5.5. ಆದರೆ ನಮ್ಮ ಕಾಲ ಕೆಳಗಿನ ಗ್ರಾನೈಟ್ ಕಲ್ಲಿನ ಸಾಂದ್ರತೆ ಸುಮಾರು 2.7 ಮಾತ್ರ. ಮೇಲಿನದು ಇಷ್ಟು ಹಗುರವಾದರೆ ಒಳಗೆ ಬಹಳ ಭಾರವಾದದ್ದು ಏನೋ ಇರಲೇಬೇಕು!

ಅದನ್ನು ಅಗೆದು ನೋಡಿದವರಿಲ್ಲ. ರಷ್ಯಾದ ಕೋಲಾದಲ್ಲಿ ಕೊರೆದ ರಂಧ್ರ 12,262 ಮೀಟರ್ ಆಳ, ತ್ರಿಜ್ಯದ ಐನೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಒಳಗಿನ ಸುದ್ದಿ ತಂದದ್ದು ಭೂಕಂಪದ ಅಲೆಗಳು. ದ್ವಿತೀಯಕ ಅಲೆಗಳು ದ್ರವದಲ್ಲಿ ಸಾಗುವುದಿಲ್ಲ. ದೊಡ್ಡ ಭೂಕಂಪವಾದಾಗ ಭೂಮಿಯ ಆಚೆ ಬದಿಯ ಕೇಂದ್ರಗಳಿಗೆ ಅವು ನೇರವಾಗಿ ತಲುಪುವುದಿಲ್ಲ, ಅಂದರೆ ನಡುವೆ ದ್ರವವಿದೆ. ಪ್ರಾಥಮಿಕ ಅಲೆಗಳು ಬರಬಾರದ ಜಾಗದಲ್ಲಿ ಕ್ಷೀಣವಾಗಿ ಬಂದದ್ದನ್ನು ಗಮನಿಸಿದ ಡೆನ್ಮಾರ್ಕಿನ ಇಂಗೆ ಲೇಮನ್ ಎಂಬ ವಿಜ್ಞಾನಿ, ದ್ರವದೊಳಗೆ ಇನ್ನೊಂದು ಗೋಳವಿದೆ ಎಂದು 1936ರಲ್ಲಿ ತೋರಿಸಿದರು. ಅದು ಘನ ಎಂಬುದು ಮುಂದೆ ಖಚಿತವಾಯಿತು. ಹೀಗೆ ಮೇಲೆ ತೆಳುವಾದ ಭೂಕವಚ, ಸುಮಾರು 2900 ಕಿ.ಮೀ. ಆಳದವರೆಗೆ ಮ್ಯಾಂಟಲ್, 5150ರವರೆಗೆ ಕಬ್ಬಿಣ-ನಿಕ್ಕಲ್ ಹೆಚ್ಚಾಗಿರುವ ದ್ರವರೂಪದ ಹೊರ ಕೇಂದ್ರಗೋಳ, ಅದರೊಳಗೆ ಘನರೂಪದ ಒಳ ಕೇಂದ್ರಗೋಳ.

ಭೂಮಿ ತಿರುಗುವುದರಿಂದ ನಡುವೆ ಸ್ವಲ್ಪ ಉಬ್ಬಿದೆ. ಸಮಭಾಜಕದಲ್ಲಿ ತ್ರಿಜ್ಯ 6378, ಧ್ರುವದಲ್ಲಿ 6357 ಕಿ.ಮೀ. ಅದರ ಅಕ್ಷ ಸುಮಾರು 23.4 ಡಿಗ್ರಿ ವಾಲಿದೆ. ಆ ವಾಲುವಿಕೆಯನ್ನೂ ಕೋಲಿನಲ್ಲೇ ನೋಡಬಹುದು. ಡಿಸೆಂಬರ್ 22ರ ಮಧ್ಯಾಹ್ನ ಮಂಗಳೂರಿನಲ್ಲಿ ಅದೇ ಕೋಲಿನ ನೆರಳು ಸುಮಾರು 73 ಸೆಂ.ಮೀ. ಇರಬೇಕು, ಏಪ್ರಿಲ್ 24ರ ಸುಮಾರಿಗೆ ಇಲ್ಲವೇ ಇಲ್ಲ ಎನ್ನುವಷ್ಟು.

ಇರಬೇಕು ಎಂದೆ, ಯಾಕೆಂದರೆ ಅದನ್ನು ನಾನಿನ್ನೂ ಅಳೆದಿಲ್ಲ. ಡಿಸೆಂಬರ್ 22ರಂದು ಕೋಲು, ಟೇಪು ಹಿಡಿದು ಕಾಲೇಜು ಮೈದಾನದಲ್ಲಿರುತ್ತೇನೆ. ಬೇರೆ ಊರುಗಳಲ್ಲಿ ಗೆಳೆಯರೋ ನೆಂಟರೋ ಇದ್ದರೆ ಅವರಿಗೂ ಹೇಳಿ ನೀವೂ ಬನ್ನಿ. ಬಂದ ಅಂಕಿಯನ್ನು ಬಂದ ಹಾಗೆಯೇ ಬರೆಯೋಣ.